ತೊಟ್ಟಿಯೊಳಗಿನ ಹುಲ್ಲುಗಾವಲು

ಹವಳ ಸತ್ತರೆ ಮಿರ್‌ಬೆಕ್‌ಗೆ ಯಾವ ಬಾಯಿಂದ ಹೇಳುವುದು? ಮೂರು ವಾರದಿಂದ ಜಿಪಾರ್‌ಳನ್ನು ಕೊರೆಯುತ್ತಿದ್ದುದು ಇದೊಂದೇ ಚಿಂತೆ. ಹಲ್ಲುಜ್ಜುವಾಗಲೂ ಅದೇ, ಮಗಳು ಬೆಗಿಮ್‌ಗೆ ಜಡೆ ಹೆಣೆಯುವಾಗಲೂ ಅದೇ.

ಗಂಡ ಮಿರ್‌ಬೆಕ್ ಬೆಟ್ಟದ ಮೇಲಿನ ಚಿನ್ನದ ಗಣಿಯಲ್ಲಿ ಯಂತ್ರ ಓಡಿಸುವವನು. ಈ ಸಲ ಜೊತೆಗಾರನ ಪಾಳಿಯೂ ಸೇರಿ ಆರು ವಾರ ಮನೆಯಿಲ್ಲ. ಹೊರಡುವಾಗ ಮಗುವಿನ ಬಗ್ಗೆ ಒಂದು ಮಾತಿಲ್ಲ, ತಾಯಿಯ ಬಗ್ಗೆ ಒಂದು ಮಾತಿಲ್ಲ. "ತೊಟ್ಟಿ ಜೋಪಾನ" ಎಂದು ಚೀಲ ಹೆಗಲಿಗೇರಿಸಿದ್ದ. ಬಿಶ್ಕೆಕ್‌ನ ಆ ಐದನೇ ಮಹಡಿಯ ಮನೆಯಲ್ಲಿ ಸಮುದ್ರ ಕಂಡವರು ಯಾರೂ ಇರಲಿಲ್ಲ. ಆದರೂ ನಡುಮನೆಯ ಗಾಜಿನ ತೊಟ್ಟಿಯಲ್ಲಿ ಎರಡು ಮೊಳದ ಸಮುದ್ರವಿತ್ತು, ಬಕೆಟ್ಟಿನಲ್ಲಿ ತಂದ ಉಪ್ಪು ಕಲಸಿ ಮಾಡಿದ್ದು. ಅದರೊಳಗೆ ಎರಡು ಕಿತ್ತಳೆ ಬಣ್ಣದ ಮೀನು, ಒಂದು ಸಿಗಡಿ, ಏಳು ಹೂವಿನ ಒಂದು ಹವಳ. ಬೆಗಿಮ್ ಹುಟ್ಟಿದ ವಾರ ತಂದಾಗ ಅದಕ್ಕೆ ಒಂದೇ ಹೂವಿತ್ತು. ಮಗಳ ಹಲ್ಲೂ ಹವಳದ ಹೂವೂ ಮಿರ್‌ಬೆಕ್ ಒಟ್ಟಿಗೇ ಎಣಿಸುತ್ತ ಬಂದಿದ್ದ.

ಈಗ ಕಲ್ಲಿನ ಮೇಲೆಲ್ಲ ಕೂದಲಿನಂತೆ ಹಸಿರು ಪಾಚಿ. ಏಳರಲ್ಲಿ ಐದು ಹೂ ಮುಚ್ಚಿಕೊಂಡಿದ್ದವು.

ಜಿಪಾರ್ ಓದಿದವಳು. ಓದಿದವರು ಮಾಡುವುದನ್ನೆಲ್ಲ ಮಾಡಿದಳು. ಹಲ್ಲುಜ್ಜುವ ಬ್ರಷ್‌ನಿಂದ ಕಲ್ಲು ತಿಕ್ಕಿದಳು, ನೀರು ಬದಲಿಸಿದಳು, ದೀಪದ ಹೊತ್ತು ಅರ್ಧಕ್ಕಿಳಿಸಿದಳು. ಔಷಧದ ಹನಿ ಬಿಟ್ಟು ನೀರು ಪರೀಕ್ಷಿಸಿದರೆ, ಪಾಚಿಗೆ ಗೊಬ್ಬರವಾಗುವ ಫಾಸ್ಫೇಟ್ ಸೊನ್ನೆ, ನೈಟ್ರೇಟ್ ಸೊನ್ನೆ. ಇರುವುದನ್ನೆಲ್ಲ ಪಾಚಿಯೇ ತಿಂದು ಮುಗಿಸಿದರೆ ನೀರಿನಲ್ಲಿ ಸೊನ್ನೆಯೇ ಕಾಣುತ್ತದೆ ಎಂದು ಎಲ್ಲೋ ಓದಿ, ಆ ಸೊನ್ನೆಗೂ ಹೆದರಿದಳು. ಪಾಚಿ ಮೇಯಲೆಂದು ಹನ್ನೆರಡು ಬಸವನಹುಳು ತಂದು ಬಿಟ್ಟಳು. ಪಾಚಿ ಇನ್ನೂ ಸೊಂಪಾಯಿತು. ನೀರಿನ ಮೇಲೆ ಮಾಂಸದ ಸಾರಿನ ಮೇಲಿರುವಂಥ ಜಿಡ್ಡು.

ಗಂಡನಿಗೆ ಕರೆ ಮಾಡಿದರೆ ದನಿಯೇ ಗುಟ್ಟು ಬಿಟ್ಟುಕೊಡುತ್ತದೆಂದು ದಿನಕ್ಕೊಂದು ತೊಟ್ಟಿಯ ಫೋಟೋ ಕಳಿಸುತ್ತಿದ್ದಳು, ಹೋದ ಚಳಿಗಾಲದವು. ಅವನೂ ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿ ಸುಮ್ಮನಾಗುತ್ತಿದ್ದ.

ಅತ್ತೆಗೆ ಮಾತ್ರ ಹಿಗ್ಗೋ ಹಿಗ್ಗು. ನರಿನ್ ಬೆಟ್ಟಗಳಲ್ಲಿ ನಲವತ್ತು ವರ್ಷ ಕುರಿ ಮೇಯಿಸಿದ ಹೆಂಗಸು; ಮಗ, ಸೊಸೆ ಇಬ್ಬರೂ ಕರೆಯುವುದು 'ಅಪಾ', ಅಮ್ಮ ಎಂದು.

"ಹುಲ್ಲು ಬಂತು ಅಂತ ಅಳೋರನ್ನ ಇಲ್ಲೇ ನೋಡಿದ್ದು ಕಣಮ್ಮ! ನಮ್ಮ ಕಡೆ ಹಿಂಗೆ ಬಂದಿದ್ರೆ ಕುರಿ ಕೊಯ್ದು ಊರಿಗೆಲ್ಲ ಊಟ ಹಾಕ್ತಿದ್ವಿ."

ಚಹಾಕ್ಕೆ ಬಂದ ಅತ್ತೆಯ ತಂಗಿಯೂ ಗಾಜಿಗೆ ಮೂಗೊತ್ತಿ, "ಅಕ್ಕಾ, ನಿನ್ನ ಸೊಸೆ ಕೈಗುಣ ನೋಡೇ, ನೀರಲ್ಲೂ ಹುಲ್ಲು ಬೆಳೆಸಿದಾಳೆ!" ಎಂದಳು. ಅತ್ತೆ ಕನ್ನಡಕ ಏರಿಸಿಕೊಂಡು ತಮ್ಮ ಫೋನಿನಲ್ಲಿ ಹುಲ್ಲುಗಾವಲಿನ ಫೋಟೋ ತೆಗೆದರು.

ಕೊನೆಗೆ ಜಿಪಾರ್ ಮೂರು ದಿನದ ಕತ್ತಲೆಗೆ ಇಳಿದಳು. ಬೆಳಕಿಲ್ಲದಿದ್ದರೆ ಪಾಚಿ ಸೊರಗುತ್ತದಂತೆ. ಮದುವೆಗೆ ಬಂದಿದ್ದ ಕೌದಿಗಳನ್ನೆಲ್ಲ ತೊಟ್ಟಿಗೆ ಹೊದಿಸಿದಳು. ಎರಡನೆಯ ದಿನ ಮಧ್ಯಾಹ್ನ ಅಡುಗೆಮನೆಯಿಂದ ಬಂದರೆ, ಅತ್ತೆಯ ಒಂದು ಕೈ ಮೊಣಕೈವರೆಗೆ ಕೌದಿಯೊಳಗಿತ್ತು.

"ಕತ್ತಲಲ್ಲಿ ಕೂರಿಸಿಬಿಟ್ರಾ ನನ್ನ ಕಂದಗಳಾ? ತಗೊಳ್ಳಿ, ಬಾಯಿಗೆ ಮುಟ್ಟಿಸ್ಕೊಳ್ಳಿ."

ಇನ್ನೊಂದು ಕೈಯಲ್ಲಿ ಎಣ್ಣೆಯಲ್ಲಿ ಕರಿದ ಹಿಟ್ಟಿನುಂಡೆ, ಬೊರ್ಸೋಕ್.

ಆ ಮನೆಗೆ ಬಂದವರು ರೊಟ್ಟಿ ಬಾಯಿಗೆ ಮುಟ್ಟಿಸದೆ ಹೊಸ್ತಿಲು ದಾಟಿದ್ದಿಲ್ಲ. ಮೀಟರ್ ನೋಡಲು ಬಂದವನೂ ಒಂದು ಚೂರು ಮುರಿದುಕೊಂಡೇ ಹೋಗುತ್ತಿದ್ದ. ಮೀನುಗಳು ಮಾತ್ರ ಏನು ಪಾಪ ಮಾಡಿದ್ದವು?

ಅತ್ತೆಗೆ ಎದುರಾಗಿ "ಬೇಡ" ಎನ್ನುವ ಸೊಸೆಯನ್ನು ಜಿಪಾರ್‌ಳ ತವರಿನವರೂ ಕಂಡಿರಲಿಲ್ಲ. ಮಗಳನ್ನು ನಡುವೆ ನಿಲ್ಲಿಸಿಕೊಂಡಳು.

"ಬೆಗಿಮ್, ಎರಡು ಮೀನಿಗೆ ಇಷ್ಟೊಂದು ಯಾಕೆ ಅಂತ ಅಜ್ಜೀನ ಕೇಳು."

"ಎರಡೇ ಎಲ್ಲಿ ಅಂತ ನಿಮ್ಮಮ್ಮಂಗೆ ಹೇಳು," ಎಂದರು ಅತ್ತೆ. "ಹನ್ನೆರಡು ಹುಳ ತಂದು ಬಿಟ್ಟೋರು ಯಾರು? ಒಬ್ಬರಿಗೆ ಕೊಟ್ಟು ಒಬ್ಬರಿಗೆ ಬಿಡಕ್ಕಾಗತ್ತಾ?"

ಪಾಚಿ ತಿನ್ನಲು ತಂದ ಹುಳುಗಳು ದಿನವೂ ಬೊರ್ಸೋಕ್ ತಿಂದು ಪಾಚಿಯನ್ನೇ ಮರೆತಿದ್ದವು; ತಿಂದುಳಿದದ್ದು ಪಾಚಿಗೇ ಗೊಬ್ಬರವಾಗಿತ್ತು. ಜಿಪಾರ್‌ಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಆ ಭರದಲ್ಲೇ ಮಾತು ಜಾರಿತು:

"ಬೆಗಿಮ್, ಮನೆಗೆ ಬಂದು ಮೂರು ವರ್ಷ ಆದ್ರೂ ಮೀನುಗಳು ಇನ್ನೂ ನೆಂಟರೇನಾ ಅಂತ ಕೇಳು. ಮನೆಯವರು ಯಾವಾಗ ಆಗ್ತಾರಂತೆ?"

ಅಜ್ಜಿಯ ಮುಖ ನೋಡಿ ಬೆಗಿಮ್ ಪ್ರಶ್ನೆ ದಾಟಿಸಲಿಲ್ಲ. ದಾಟಿಸುವ ಅಗತ್ಯವೂ ಇರಲಿಲ್ಲ. ಅತ್ತೆ ಕೈ ಹೊರತೆಗೆದು, ಸೊಂಟಕ್ಕೆ ಕಟ್ಟಿದ ಬಟ್ಟೆಗೆ ಒರೆಸಿಕೊಂಡು, ಸೊಸೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಉಳಿದ ಬೊರ್ಸೋಕನ್ನು ತಾವೇ ಬಾಯಿಗೆ ಹಾಕಿಕೊಂಡರು.

"ಮನೆಯವರಾದ್ರೆ ಸರಿ. ಆದ್ರೆ ಮನೆಯವರು ಸುಮ್ನೆ ಕೂತು ತಿನ್ನೋ ಹಂಗಿಲ್ಲ. ಹುಲ್ಲಿದೆ, ಮೇಯ್ಲಿ."

ಹುಳುಗಳು ಮೇಯತೊಡಗಿದವು. ಎರಡು ವಾರದಲ್ಲಿ ಕಲ್ಲಿನ ಮೊದಲಿನ ನೇರಳೆ ಬಣ್ಣ ಅಲ್ಲಲ್ಲಿ ಇಣುಕಿತು, ನಾಲ್ಕು ಹೂ ಮತ್ತೆ ಅರಳಿದವು. ಐದನೆಯದು ಮಾತ್ರ ಬೋಳು ಮೂಳೆಯಾಗಿ ಉಳಿಯಿತು. ಹಳೆಯ ಫೋಟೋಗಳು ಅದನ್ನು ಮುಚ್ಚಲಾರವು. ಮಿರ್‌ಬೆಕ್ ಬರಲು ಮೂರೇ ದಿನವಿತ್ತು.

ಜಿಪಾರ್ ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಕರೆ ಮಾಡಿದಳು.

"ಹವಳದ ಒಂದು ಹೂ ಹೋಯ್ತು," ಎಂದಳು ಒಂದೇ ಉಸಿರಿಗೆ.

"ಗೊತ್ತು."

"ಹೆಂಗೆ ಗೊತ್ತು?"

"ಅಪಾ ದಿನಾ ಫೋಟೋ ಕಳಿಸ್ತಾಳಲ್ಲ, ಹುಲ್ಲು ನೋಡು ಮಗನೆ ಅಂತ. ಒಂದರಲ್ಲಿ ಬೊರ್ಸೋಕೂ ತೇಲ್ತಾ ಇತ್ತು."

ಜಿಪಾರ್ ಬಕೆಟ್ಟಿನ ಅಂಚಿನ ಮೇಲೆ ಕೂತಳು. "ಮತ್ತೆ, ಬೊರ್ಸೋಕ್ ಹಾಕ್ಬೇಡ ಅಂತ ಅಪಾಗೆ ಹೇಳೋಕೇನಾಗಿತ್ತು ನಿಂಗೆ?"



"ಅಪಾಗಾ? ನಾನಾ?" ಎಂದ ಮಿರ್‌ಬೆಕ್. "ನೀನು ಹೇಳ್ತೀಯೇನೋ ಅಂತ ಕಾಯ್ತಿದ್ದೆ."