ಕುರ್ಚಿ ಎಣಿಸುವ ತಿಪ್ಪೇಸ್ವಾಮಿ

ಸೆಪ್ಟೆಂಬರಿನ ಸೋಮವಾರ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಕ್ಲೆಂಡಿನ ಪೂರ್ವ ಭಾಗದಲ್ಲಿ, ಬಾಟನಿ ಡೌನ್ಸಿನ ಮಾಲ್ ದಾಟಿ ನಾಲ್ಕಾರು ಬೀದಿ ಆಚೆ, ಒಂದು ಕಾಲಕ್ಕೆ ಪೈಪು, ನಲ್ಲಿಗಳ ಗೋದಾಮಾಗಿದ್ದ ಕಟ್ಟಡದೊಳಗೆ ತಿಪ್ಪೇಸ್ವಾಮಿ ಒಬ್ಬರೇ ಕುರ್ಚಿ ಜೋಡಿಸುತ್ತಿದ್ದಾರೆ. ಕೈಗೆ ಎರಡರಂತೆ ಮಡಚುವ ಕುರ್ಚಿಗಳನ್ನು ಎತ್ತಿ ತರುತ್ತಾರೆ, ಬಿಚ್ಚುತ್ತಾರೆ, ಮೊಣಕಾಲಿನಿಂದ ಒತ್ತಿ ಸಾಲು ನೇರ ಮಾಡುತ್ತಾರೆ. ತುಟಿ ಅಲ್ಲಾಡುತ್ತಲೇ ಇದೆ. ಕಿವಿಗೊಟ್ಟರೆ "ಲಾಭ, ಎರಡು, ಮೂರು" ಎಂದು ಕೇಳಿಸುತ್ತದೆ. ಚಳ್ಳಕೆರೆಯ ಕಣದಲ್ಲಿ ಅವರಪ್ಪ ಕಡಲೆಕಾಯಿ ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನುತ್ತಿರಲಿಲ್ಲ, ಲಾಭ ಎನ್ನುತ್ತಿದ್ದರು. ಆ ಅಭ್ಯಾಸ ಮಗನ ಜೊತೆ ಸಮುದ್ರ ದಾಟಿ ಬಂದು ಕುರ್ಚಿಗಳಿಗೆ ಅಂಟಿಕೊಂಡಿದೆ.

ಇದು ಯಹೂದಿಗಳ ಪ್ರಾರ್ಥನಾ ಮಂದಿರ. ಸಿನಗಾಗ್ ಎನ್ನುತ್ತಾರೆ. ಇವತ್ತು ಅವರ ಹೊಸ ವರ್ಷದ ಮೊದಲ ದಿನ. ತಿಪ್ಪೇಸ್ವಾಮಿ ಇಲ್ಲಿಯ ಕೇರ್‌ಟೇಕರ್. ಕಸ ಗುಡಿಸುವುದರಿಂದ ಹಿಡಿದು ಸೋರುವ ನಲ್ಲಿ, ಕೆಟ್ಟ ಹೀಟರು, ಬೀಗದ ಕೈ, ಬಾಗಿಲು ಕಾಯುವುದರ ತನಕ ಎಲ್ಲವೂ ಅವರದೇ. ಸೇರಿ ಇಪ್ಪತ್ತು ವರ್ಷವಾಯಿತು. ಆದರೆ ಈ ಬೆಳಿಗ್ಗೆ ಆಗುತ್ತಿರುವಷ್ಟು ಸಡಗರ, ಜೊತೆಗೆ ಅಷ್ಟೇ ಪುಕುಪುಕು, ಅವರಿಗೆ ಹಿಂದೆಂದೂ ಆಗಿದ್ದಿಲ್ಲ.

ಕಾರಣ ಹೋದ ವರ್ಷದ್ದು. ಬೆಂಕಿ ಗಿಂಕಿ ಬಿದ್ದರೆ ಜನ ಸಲೀಸಾಗಿ ಹೊರಗೆ ಓಡಲು ಆಗಬೇಕು, ಆದ್ದರಿಂದ ಹಾಲ್‌ನಲ್ಲಿ ಇಷ್ಟೇ ಜನ ಇರಬೇಕು, ಯಾರೂ ದಾರಿಗೆ ಅಡ್ಡ ನಿಲ್ಲಬಾರದು ಎಂದು ಕೌನ್ಸಿಲ್ಲಿನ ನಿಯಮ. ತಿಪ್ಪೇಸ್ವಾಮಿ ಅದಕ್ಕೊಂದು ಉಪಾಯ ಮಾಡಿಕೊಂಡಿದ್ದಾರೆ. ಎಷ್ಟು ಜನಕ್ಕೆ ಅನುಮತಿಯೋ ಅಷ್ಟೇ ಕುರ್ಚಿ ಹಾಕುವುದು, ಕೊನೆಯ ಕುರ್ಚಿ ತುಂಬಿದ ಕೂಡಲೇ ಬಾಗಿಲು ಹಾಕುವುದು. ಹೋದ ವರ್ಷ ಇದೇ ಹಬ್ಬದ ದಿನ ಕುರ್ಚಿ ಬೇಗ ತುಂಬಿ ಹೋದವು. ಬಾಗಿಲು ಹಾಕಿದ ಮೇಲೆ ಒಬ್ಬ ತಾಯಿ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದಳು.

"ಸಾರಿ ಮೇಡಂ, ಜಾಗ ಇಲ್ಲ ಅಂದೆ. ಆಯಮ್ಮ ಮಕ್ಳ ಕೈ ಹಿಡ್ಕಂಡು ತಿರುಗಿ ಹೋದ್ಲು ಕಣ್ರಿ, ಬೈದಿದ್ರೆ ಚೆನ್ನಾಗಿತ್ತು. ಮಕ್ಳು ಹೊಸ ಬಟ್ಟೆ ಹಾಕ್ಕಂಡಿದ್ವು. ಹಬ್ಬದ ದಿನ ಬಾಗ್ಲಿಗೆ ಬಂದೋರ್ನ ವಾಪಸ್ ಕಳ್ಸಿದ್ದು ನನ್ನ ಜೀವಮಾನದಲ್ಲಿ ಅದೇ ಮೊದ್ಲು. ಅವತ್ತು ಊಟ ಸೇರ್ಲಿಲ್ಲ," ಎನ್ನುತ್ತಾರೆ ತಿಪ್ಪೇಸ್ವಾಮಿ.

ಈ ವರ್ಷ ಪಕ್ಕದ ಕಾರ್ಪೆಟ್ ಅಂಗಡಿ ಖಾಲಿಯಾಗಿದೆ. ಸಮಿತಿಯವರು ಅದನ್ನು ಹಿಡಿದು, ನಡುವಿನ ಗೋಡೆ ಒಡೆದು, ಅಗಲವಾದ ದಾರಿ ಬಿಡಿಸಿದ್ದಾರೆ. ಕೌನ್ಸಿಲ್ಲಿನ ಅಧಿಕಾರಿ ಬಂದು ನೋಡಿ, ಕೂತವರಿಗೆ ಮಾತ್ರ ಎಂಬ ಷರತ್ತಿನ ಮೇಲೆ ಹೂಂ ಎಂದಿದ್ದಾರೆ. ಅಷ್ಟಾದದ್ದೇ ತಡ, ಈ ಸಲ ಬಾಗಿಲು ಹಾಕುವುದಿಲ್ಲ ಎಂದು ತಿಪ್ಪೇಸ್ವಾಮಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಓಡಾಡಿದ್ದಾರೆ. ಹೇಳಿದ ಮೇಲೆ ಉಳಿಸಿಕೊಳ್ಳಬೇಕಲ್ಲ, ಅದೇ ಈಗಿನ ಪುಕುಪುಕು.

ತಿಪ್ಪೇಸ್ವಾಮಿ ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ತೊಂಬತ್ತರ ದಶಕದ ನಡುವೆ ಹೆಂಡತಿ ಇಂದಿರಾ ಜೊತೆ ಇಲ್ಲಿಗೆ ಬಂದಾಗ ಆ ಸರ್ಟಿಫಿಕೇಟನ್ನು ಯಾರೂ ಮೂಸಿಯೂ ನೋಡಲಿಲ್ಲ. ಒಂದು ದಿನ ಪೇಂಟ್ ಅಂಗಡಿಯೊಂದಕ್ಕೆ ಕೆಲಸ ಕೇಳಿಕೊಂಡು ಹೋದರು. ಅಂಗಡಿಯವರ ಹೆಸರು ಹೈಮಿ ಕಪ್ಲಾನ್. ಜೋಹಾನ್ಸ್‌ಬರ್ಗಿನಿಂದ ಬಂದ ಯಹೂದಿ. ಅಂಗಡಿಯಲ್ಲಿ ಕೆಲಸ ಇರಲಿಲ್ಲ. ಆದರೆ ಎಂಬತ್ತರ ದಶಕದ ಕೊನೆಗೆ ಹೈಮಿ ತಮ್ಮ ಗ್ಯಾರೇಜಿನಲ್ಲಿ ಶುರು ಮಾಡಿದ್ದ ಪ್ರಾರ್ಥನೆಕೂಟ ಆಗ ತಾನೇ ಬಾಡಿಗೆ ಹಾಲಿಗೆ ಹೋಗಿತ್ತು. ಅದನ್ನು ನೋಡಿಕೊಳ್ಳಲು ಒಬ್ಬರು ಬೇಕಿತ್ತು. "ಬೇರೆ ಸಿಗೋ ತಂಕ ಟೆಂಪರರಿಯಾಗಿ ಇರಾಣ ಅಂತ ಸೇರ್ಕಂಡೆ. ಇನ್ನೂ ಟೆಂಪರರಿನೇ," ಎಂದು ನಗುತ್ತಾರೆ. ಇಲ್ಲಿಯವರು ಅವರನ್ನು ಮಿಸ್ಟರ್ ಸ್ವಾಮಿ ಎಂದು ಕರೆಯುತ್ತಾರೆ. ಹೊಸಬರಲ್ಲಿ ಅರ್ಧ ಜನ ಇವರನ್ನು ಸನ್ಯಾಸಿ ಎಂದುಕೊಂಡು ಮರ್ಯಾದೆ ಕೊಡುತ್ತಾರಂತೆ. ಇಂದಿರಾ ಬಂದು ಗಂಡನನ್ನು ದಬಾಯಿಸುವುದು ನೋಡಿದ ಮೇಲೆ ಅನುಮಾನ ಪರಿಹಾರವಾಗುತ್ತದೆ.

ಶುರುವಿನಲ್ಲಿ ಆದ ಎಡವಟ್ಟುಗಳು ಒಂದೆರಡಲ್ಲ. ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯ ತನಕ ಯಹೂದಿಗಳು ಬೆಂಕಿ ಹಚ್ಚುವುದಿಲ್ಲ, ಸ್ವಿಚ್ ಒತ್ತುವುದಿಲ್ಲ. ಬೇರೆಯವರಿಗೆ ಒತ್ತು ಎಂದು ಹೇಳುವ ಹಾಗೂ ಇಲ್ಲ. ಹೇಳದೆ ತಿಳಿಸಬೇಕು. ತಿಪ್ಪೇಸ್ವಾಮಿ ಸೇರಿದ ಮೊದಲ ಚಳಿಗಾಲದ ಶನಿವಾರ ಹೈಮಿ ಕೈ ಉಜ್ಜಿಕೊಳ್ಳುತ್ತಾ ಬಂದು, "ಇಲ್ಲಿ ತುಂಬಾ ಚಳಿ ಇದೆ," ಎಂದರು. "ಹೌದು ಸರ್, ತುಂಬಾ ಚಳಿ," ಎಂದು ತಿಪ್ಪೇಸ್ವಾಮಿ ಒಪ್ಪಿಕೊಂಡರು. ಸ್ವಲ್ಪ ಹೊತ್ತಿಗೆ ಇನ್ನೊಬ್ಬರು ಬಂದು ಅದೇ ಮಾತು ಹೇಳಿದರು. ತಿಪ್ಪೇಸ್ವಾಮಿ ಪಾಪ ಎಂದು ತಮ್ಮ ಮಫ್ಲರು ಬಿಚ್ಚಿಕೊಟ್ಟರು. ಮೂರು ತಾಸು ಎಲ್ಲರೂ ಗಡಗಡ ನಡುಗಿಕೊಂಡೇ ಪ್ರಾರ್ಥನೆ ಮಾಡಿದರು, ಹೀಟರು ಗೋಡೆಯಲ್ಲಿ ತಣ್ಣಗೆ ಕೂತಿತ್ತು. ಮನೆಯಲ್ಲಿ ಇಂದಿರಾಗೆ ಹೇಳಿದಾಗ ಆಕೆ ಹಣೆ ಚಚ್ಚಿಕೊಂಡರು. "ನಮ್ಮಜ್ಜಿ ಮಡೀಲಿದ್ದಾಗ ನೀರು ಕೊಡು ಅಂತ ಬಾಯಿ ಬಿಟ್ಟು ಕೇಳ್ತಿದ್ಲೇನ್ರಿ? ತಂಬಿಗೆ ಖಾಲಿ ಆಗೈತೆ ಅಂತಿದ್ಲು. ನಾವೇ ಅರ್ಥ ಮಾಡ್ಕಬೇಕು," ಎಂದು ಪಾಠ ಹೇಳಿದರು. ಮುಂದಿನ ಶನಿವಾರದಿಂದ ಯಾರಾದರೂ ಕೈ ಉಜ್ಜಿಕೊಂಡರೂ ಸಾಕು, ಹೀಟರು ಹತ್ತಿಕೊಳ್ಳುತ್ತಿತ್ತು.

ಎರಡನೆಯ ಎಡವಟ್ಟು ಅವರ ಬದುಕನ್ನೇ ತಿರುಗಿಸಿತು. ಕೆಲವು ಮುಖ್ಯ ಪ್ರಾರ್ಥನೆಗಳಿಗೆ ಕನಿಷ್ಠ ಹತ್ತು ಮಂದಿ ಯಹೂದಿ ಗಂಡಸರು ಸೇರಲೇಬೇಕು. ಈಗ ಹೇಳಿದರೆ ನಗು ಬರುತ್ತದೆ, ಆಗ ಹತ್ತು ಜನ ಸೇರಿಸುವುದೇ ಹರಸಾಹಸವಾಗಿತ್ತು. ಒಂದು ಗುರುವಾರ ಮುಂಜಾನೆ ಒಬ್ಬ ಹಿರಿಯರು ಬಂದಿದ್ದರು. ಅವತ್ತು ಅವರ ತಾಯಿ ತೀರಿಕೊಂಡ ದಿನ. ಹತ್ತು ಜನ ಇಲ್ಲದಿದ್ದರೆ ತಾಯಿಯ ಹೆಸರಿನ ಪ್ರಾರ್ಥನೆ ಹೇಳುವ ಹಾಗಿಲ್ಲ. ಎಲ್ಲರೂ ಬಾಗಿಲು ನೋಡುತ್ತಾ ಕೂತಿದ್ದಾರೆ. ತಿಪ್ಪೇಸ್ವಾಮಿಗೆ ತಡೆಯಲಿಲ್ಲ. ಬೆರಳು ತೋರಿಸಿ ಒಬ್ಬೊಬ್ಬರನ್ನೇ ಎಣಿಸಿ, "ಸರ್, ಹತ್ತು ಆಯ್ತು, ಶುರು ಮಾಡಿ," ಎಂದುಬಿಟ್ಟರು. ಹೈಮಿ ಎದ್ದು ಬಂದು ಆ ಬೆರಳನ್ನು ಮೆಲ್ಲಗೆ ಮುಷ್ಟಿಯಲ್ಲಿ ಹಿಡಿದುಕೊಂಡರು.

"ಸ್ವಾಮಿ, ಎರಡು ತಪ್ಪು ಮಾಡಿದೆ. ಮನುಷ್ಯರನ್ನು ನಾವು ಎಣಿಸುವುದಿಲ್ಲ. ಎಣಿಸಲೇಬೇಕಾದರೆ ಒಂದಲ್ಲ, ಎರಡಲ್ಲ, ಮೂರಲ್ಲ ಅನ್ನುತ್ತೇವೆ. ಇನ್ನೊಂದು, ನೀನು ನಿನ್ನನ್ನೂ ಸೇರಿಸಿಕೊಂಡಿದ್ದೀಯ."

ಇದ್ದದ್ದು ಒಂಬತ್ತೇ ಜನ. ಆ ಹಿರಿಯರು ಪುಸ್ತಕ ಮುಚ್ಚಿ ಮನೆಗೆ ಹೋದರು. "ನಾನು ಅಲ್ಲೇ ನಿಂತಿದೀನಿ, ಎರಡು ಕಾಲು, ಎರಡು ಕೈ ಎಲ್ಲ ಐತೆ. ಆದ್ರೂ ಅವರ ಲೆಕ್ಕಕ್ಕೆ ನಾನು ಬರಂಗಿಲ್ಲ. ಬೇಜಾರೇನಿಲ್ಲ, ಅವರ ಪದ್ಧತಿ. ಲೆಕ್ಕಕ್ಕೆ ಬರೋರ್ನ ಕರ್ಕಂಡಾದ್ರೂ ಬರಬಹುದಲ್ಲ ಅನ್ನಿಸ್ತು," ಎನ್ನುತ್ತಾರೆ ತಿಪ್ಪೇಸ್ವಾಮಿ. ಅವತ್ತೇ ಅವರು ಹೈಮಿಗೆ ಕಡಲೆಕಾಯಿ ಅಳೆಯುವ ಲಾಭದ ಕಥೆ ಹೇಳಿದ್ದು. ನಮ್ಮಲ್ಲೂ ದೃಷ್ಟಿಯಾದೀತೆಂದು ಮಕ್ಕಳನ್ನು ಬೆರಳು ಮಾಡಿ ಎಣಿಸಲು ಬಿಡುವುದಿಲ್ಲ ಎಂದದ್ದು. ಹೈಮಿಗೆ ಎಷ್ಟು ಖುಷಿಯಾಯಿತೆಂದರೆ ಅಂಗಡಿಗೆ ಬಂದ ಗಿರಾಕಿಗಳಿಂದೆಲ್ಲ ಲಾಭ ಎಂದು ಹೇಳಿಸಿದರಂತೆ.

ಅಲ್ಲಿಂದ ಹತ್ತನೆಯವರನ್ನು ಹುಡುಕಿ ತರುವುದು ತಿಪ್ಪೇಸ್ವಾಮಿಯ ಕೆಲಸವಾಯಿತು. ಸೋಮವಾರ, ಗುರುವಾರದ ಮುಂಜಾನೆ ತಮ್ಮ ಹಳೇ ಕಾರು ತೆಗೆದುಕೊಂಡು ಹೊರಡುತ್ತಿದ್ದರು. ಸುತ್ತಾಡಲು ಬಂದ ಇಸ್ರೇಲಿನ ಹುಡುಗರು ಬ್ಯಾಕ್‌ಪ್ಯಾಕರ್ಸ್ ಹಾಸ್ಟೆಲುಗಳಲ್ಲಿ ಇರುತ್ತಿದ್ದರು. ಅವರ ಬಾಗಿಲು ಬಡಿದು, ಕಣ್ಣುಜ್ಜಿಕೊಂಡು ಬಂದವರಿಗೆ ಫ್ಲಾಸ್ಕಿನ ಚಹಾ ಕೊಟ್ಟು, "ಒಂದು ಗಂಟೆ ಬಾರಪ್ಪ, ಒಬ್ಬರ ಅಮ್ಮನ ದಿನ," ಎಂದು ಗೋಗರೆಯುತ್ತಿದ್ದರು. ಬೈದವರೂ ಇದ್ದಾರೆ. ಹಾಗೆ ಒಂದು ಗಂಟೆಗೆಂದು ಬಂದವರಲ್ಲಿ ಕೆಲವರು ಇಲ್ಲೇ ಕೆಲಸ ಹಿಡಿದು, ಇಲ್ಲೇ ಮದುವೆಯಾಗಿ, ಈಗ ಸಾಲಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕೂರುತ್ತಾರೆ.

ಬೆಳವಣಿಗೆ ಏಣಿಯ ಹಾಗೆ ನೇರ ಏನೂ ಹೋಗಲಿಲ್ಲ. ದಕ್ಷಿಣ ಆಫ್ರಿಕಾದಿಂದ ಸಂಸಾರಗಳು ಬಂದವು, ಹಾಲ್ ತುಂಬಿತು. ಅಷ್ಟರಲ್ಲಿ ಅವರಲ್ಲೇ ಸುಮಾರು ಜನ ಸಿಡ್ನಿ, ಮೆಲ್ಬರ್ನ್ ಎಂದು ಎದ್ದು ಹೋದರು. ಒಂದೆರಡು ವರ್ಷ ಕುರ್ಚಿಗಳ ಮೇಲೆ ಧೂಳು ಕೂತಿತು, ಮುಚ್ಚಿಬಿಡೋಣವೇ ಎಂಬ ಮಾತೂ ಬಂತು. ಆಮೇಲೆ ರಷ್ಯನ್ ಮಾತಾಡುವವರು ಬಂದರು, ಇಸ್ರೇಲಿನವರು ಬಂದರು. ಅಜ್ಜಿ ಯಹೂದಿ ಎಂದು ದೊಡ್ಡವರಾದ ಮೇಲೆ ಗೊತ್ತಾದ ನ್ಯೂಜಿಲೆಂಡಿನವರು ಸಂಕೋಚದಿಂದ ಬಂದು ಹಿಂದಿನ ಸಾಲಿನಲ್ಲಿ ಕೂತರು. ಬಾಡಿಗೆ ಹಾಲ್ ಹೋಗಿ ಈ ಗೋದಾಮು ಬಂತು. ಜನರನ್ನು ಎಣಿಸುವಂತಿಲ್ಲವಾದ್ದರಿಂದ ಇದೆಲ್ಲದರ ಲೆಕ್ಕ ತಿಪ್ಪೇಸ್ವಾಮಿಗೆ ಕುರ್ಚಿಯಲ್ಲೇ. ಹೊಸ ಕುರ್ಚಿ ತರಿಸಿದ ವರ್ಷ ಅವರಿಗೆ ಮಗಳು ಗಾನವಿ ಹುಟ್ಟಿದ ವರ್ಷದಷ್ಟೇ ಚೆನ್ನಾಗಿ ನೆನಪಿದೆ.

ಈಗ ಮತ್ತೆ ಈ ಬೆಳಿಗ್ಗೆಗೆ. ಹಳೇ ಹಾಲ್‌ನಲ್ಲಿ ಕುರ್ಚಿ ಹಾಕಿಯಾಗಿದೆ. ಕಾರ್ಪೆಟ್ ಅಂಗಡಿಯ ಕಡೆಗೆ ಬಾಡಿಗೆ ಕುರ್ಚಿ ಬರಬೇಕು. ಬೆಳಕು ಹರಿಯುವ ಹೊತ್ತಿಗೆ ಬರುತ್ತೇವೆ ಎಂದಿದ್ದ ಲಾರಿ ಬಿಸಿಲು ಬಿದ್ದರೂ ಇಲ್ಲ. ಜನ ಬರತೊಡಗಿದ್ದಾರೆ. ಹಬ್ಬದ ದಿನ ವಾಹನ ಓಡಿಸಬಾರದು. ಆದರೂ ದೂರದವರು ಎರಡು ಬೀದಿ ಆಚೆ ಕಾರು ನಿಲ್ಲಿಸಿ, ಮನೆಯಿಂದಲೇ ನಡೆದು ಬಂದವರ ಮುಖ ಹೊತ್ತು ಬರುತ್ತಾರೆ. ತಿಪ್ಪೇಸ್ವಾಮಿಗೆ ಅದು ಇಪ್ಪತ್ತು ವರ್ಷದಿಂದ ಕಾಣಿಸಿಲ್ಲ.

ಹಬ್ಬದ ಏರ್ಪಾಡು ನೋಡಿಕೊಳ್ಳುವ ನಾವೋಮಿ ಒಳಗೆ ಬರುತ್ತಾರೆ. ಖಾಲಿ ನೆಲ ನೋಡುತ್ತಾರೆ. ಅವರಿಗೆ ಇವತ್ತು ಫೋನ್ ಮುಟ್ಟುವ ಹಾಗಿಲ್ಲ, ಮಾಡು ಎನ್ನುವ ಹಾಗೂ ಇಲ್ಲ. ಕಿಟಕಿಯ ಬಳಿ ನಿಂತು, "ಇವತ್ತು ರಸ್ತೆ ಎಷ್ಟು ನಿಶ್ಶಬ್ದವಾಗಿದೆ. ಒಂದು ಲಾರಿಯೂ ಇಲ್ಲ," ಎನ್ನುತ್ತಾರೆ. ಮಾತು ಮುಗಿಯುವ ಮೊದಲೇ ತಿಪ್ಪೇಸ್ವಾಮಿ ಫೋನ್ ಕೈಗೆತ್ತಿಕೊಂಡು ಹೊರಗೆ ಹೋಗಿದ್ದಾರೆ. ಬಾಡಿಗೆಯವರು ತಾರೀಖು ತಪ್ಪು ಬರೆದುಕೊಂಡಿದ್ದಾರೆ, ಕುರ್ಚಿ ನಾಳೆ ಬರುತ್ತವೆ. ಒಳಗೆ ಸಾಲುಗಳು ತುಂಬುತ್ತಿವೆ, ಹೆಂಗಸರ ಕಡೆ ಆಗಲೇ ಬೆರಳೆಣಿಕೆಯಷ್ಟು ಉಳಿದಿವೆ. ಕುರ್ಚಿ ಇಲ್ಲದಿದ್ದರೆ ಒಳಗೆ ಬಿಡುವ ಹಾಗಿಲ್ಲ, ಅಂದರೆ ಮತ್ತೆ ಬಾಗಿಲು ಹಾಕಬೇಕು.

ಅವರು ಇಂದಿರಾಗೆ ಫೋನ್ ಮಾಡುತ್ತಾರೆ. ಗುರುವಾರ ಗಣೇಶನ ಹಬ್ಬ. ಕನ್ನಡ ಸಂಘದ ಕುರ್ಚಿಗಳನ್ನು ಒರೆಸಿ ಹರಿಪ್ರಸಾದರ ಗ್ಯಾರೇಜಿನಲ್ಲಿ ಜೋಡಿಸಿಟ್ಟಿದ್ದಾರೆ. ಮೈಸೂರಿನ ಹರಿಪ್ರಸಾದ ಸಂಘದಲ್ಲಿ ಯೂಟ್, ಅಂದರೆ ಹಿಂದೆ ಸಾಮಾನು ಹೇರುವ ಗಾಡಿ, ಇರುವ ಏಕೈಕ ಮನುಷ್ಯ. ಆ ಒಂದು ಅಪರಾಧಕ್ಕೆ ಸಂಘದ ಸಕಲ ಸಾಮಾನೂ ಅವರ ಹೆಗಲಿಗೆ ಬಿದ್ದಿದೆ. ಆಫೀಸಿಗೆ ಹೊರಟಿದ್ದ ಅವರನ್ನು ಇಂದಿರಾ ಹೊರಟಂತೆಯೇ ಹಿಡಿಯುತ್ತಾರೆ.

ಟೈ ಕಟ್ಟಿಕೊಂಡೇ ಯೂಟ್ ಓಡಿಸಿಕೊಂಡು ಬರುತ್ತಾರೆ ಹರಿಪ್ರಸಾದ, ಹಿಂದೆ ಟ್ರೈಲರಿನ ತುಂಬ ಕುರ್ಚಿ, ಪಕ್ಕದಲ್ಲಿ ಇಂದಿರಾ. "ಗಣೇಶನಿಗೇ ಮೊದ್ಲು ಅಂತಿದ್ವಿ. ಇರ್ಲಿ ಬಿಡಿ, ಈ ಸಲ ಇವ್ರದ್ದೇ ಬೋಣಿ ಆಗ್ಲಿ," ಎನ್ನುತ್ತಾ ಇಳಿಸತೊಡಗುತ್ತಾರೆ. ತಿಪ್ಪೇಸ್ವಾಮಿ ಓಡುತ್ತಾರೆ. ಇಂದಿರಾ ಸೆರಗು ಸಿಕ್ಕಿಸಿಕೊಂಡು ಓಡುತ್ತಾರೆ. ಲಾಭ, ಎರಡು, ಮೂರು! ಈಗ ಗಟ್ಟಿಯಾಗಿಯೇ ಕೇಳಿಸುತ್ತಿದೆ. ನೋಡನೋಡುತ್ತಿದ್ದಂತೆ ಕಾರ್ಪೆಟ್ ಅಂಗಡಿಯ ನೆಲ ಕಾಣದಂತಾಗುತ್ತದೆ. ಬಂದ ಬಂದವರೆಲ್ಲ ಬೆನ್ನಿಗೆ ಹಳದಿ ಕೆಂಪು ಬಣ್ಣದಲ್ಲಿ ಕನ್ನಡ ಸಂಘ ಎಂದು ಬರೆದ ಕುರ್ಚಿಗಳಲ್ಲಿ ಕೂತು, ಹೀಬ್ರೂ ಪುಸ್ತಕ ಬಿಚ್ಚುತ್ತಾರೆ. ಇಂಥ ಸಂಭ್ರಮವನ್ನು ನೋಡಿ ಕಣ್ಣು ತುಂಬಿಕೊಳ್ಳದವರು ಯಾರು.

ಎಂಬತ್ತು ದಾಟಿದ ಹೈಮಿ ಮುಂದಿನ ಸಾಲಿನಿಂದ ತಿರುಗಿ ನೋಡುತ್ತಾರೆ. ಗ್ಯಾರೇಜಿನಲ್ಲಿ ಹತ್ತು ಜನಕ್ಕೆ ಕಾದು ಕೂತವರು ಅವರು. ಟಗರಿನ ಕೊಂಬು ಊದುವ ಹೊತ್ತಾಗುತ್ತದೆ. ಉದ್ದನೆಯ ಒಂದು ದನಿ, ಆಮೇಲೆ ತುಂಡು ತುಂಡು ದನಿ. ತಗಡಿನ ಚಾವಣಿ ಗುಂಯ್ ಎನ್ನುತ್ತದೆ. ತಿಪ್ಪೇಸ್ವಾಮಿಗೆ ಪ್ರತಿ ವರ್ಷ ಮೈ ಜುಮ್ಮೆನ್ನುವ ಗಳಿಗೆ ಇದು. ಊರಿನ ದಾಸಯ್ಯನ ಶಂಖಕ್ಕಿಂತ ಇದೇ ಜೋರು ಎಂದು ಹರಿಪ್ರಸಾದರ ಕಿವಿಯಲ್ಲಿ ಹೇಳುತ್ತಾರೆ.

ಮಧ್ಯಾಹ್ನ ಎಲ್ಲರಿಗೂ ಜೇನಿನಲ್ಲಿ ಅದ್ದಿದ ಸೇಬು. ಹೊಸ ವರ್ಷ ಸಿಹಿಯಾಗಿರಲಿ ಎಂದು. ಆಫೀಸಿಗೆ ಹೋಗುವುದನ್ನು ಮರೆತ ಹರಿಪ್ರಸಾದ ಎರಡು ಹೋಳು ಬಾಯಿಗೆ ಹಾಕಿಕೊಂಡು, ಬೆಲ್ಲವಾಯಿತು, ಬೇವೆಲ್ಲಿ ಎಂದು ಕೇಳುತ್ತಾರೆ. ತಿಪ್ಪೇಸ್ವಾಮಿ ಅದನ್ನು ಹೈಮಿಗೆ ವಿವರಿಸಿದರೆ, "ಕಹಿ ತಿನ್ನಲು ನಮ್ಮಲ್ಲಿ ಬೇರೆ ಹಬ್ಬವೇ ಇದೆ, ಆಗಲೂ ಬರಲು ಹೇಳು," ಎನ್ನುತ್ತಾರೆ ಮುದುಕರು.

ಎಲ್ಲರೂ ಹೋದ ಮೇಲೆ ತಿಪ್ಪೇಸ್ವಾಮಿ ಗಣೇಶನ ಕುರ್ಚಿಗಳನ್ನು ಬೇರೆ ಮಾಡಿ ಯೂಟಿನ ಕಡೆ ಸಾಗಿಸುತ್ತಿದ್ದಾರೆ. ಮುಂದೇನು ಎಂದರೆ, ಈ ಗೋಡೆ ಮತ್ತೆ ಕಟ್ಟದಿದ್ದರೆ ಸಾಕು ಎನ್ನುತ್ತಾರೆ. ಇವತ್ತು ಎಷ್ಟು ಜನ ಬಂದಿದ್ದರು ಎಂದು ಕೇಳಿದರೆ ಮಾತ್ರ ಕುರ್ಚಿ ಕೆಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾರೆ.

"ಜನಾನ ಎಣಿಸ್ಬಾರ್ದು ಅಂತ ಹೇಳಿದ್ನಲ್ರಿ. ಬಾಗ್ಲು ಹಾಕ್ಲಿಲ್ಲ. ಅಷ್ಟು ಬರ್ಕಳ್ರಿ."