ಚಿಲಕವಿಲ್ಲದ ಟೆಂಟು

ನಾನು ಕೈ ಮಾಡುವವನು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸುಲಭ. ಕುಡಿಯುವುದಿಲ್ಲ, ಬೀಡಿ ಸೇದುವುದಿಲ್ಲ, ಇಸ್ಪೀಟು ಮುಟ್ಟಿದವನಲ್ಲ. ಆದರೆ ಸಿಟ್ಟು ಬಂದರೆ ಬಾಯಿಗಿಂತ ಮುಂಚೆ ಕೈ ಹೊರಡುತ್ತದೆ. ಪಾಂಡವಪುರದಲ್ಲಿ ಗೇಟು, ಕಿಟಕಿ ಗ್ರಿಲ್ಲು ಮಾಡುವ ಶೆಡ್ಡು ನನ್ನದು. ಅದೇ ಜಾಗದಲ್ಲಿ ಮೊದಲು ಅಪ್ಪನ ಕುಲುಮೆ ಇತ್ತು. ಕಾದ ಕಬ್ಬಿಣ ಹಿಡಿದ ನನ್ನ ಕೈ ನಡುಗಿದರೆ ಅಪ್ಪ ತನ್ನ ಇಕ್ಕಳದಲ್ಲೇ ಬಾರಿಸುತ್ತಿದ್ದ. ಹಾಗೆ ಕೆಲಸ ಬಂತು. ಏಟಿನಿಂದ ಕೆಲಸ ಬಂದದ್ದರಿಂದ ಏಟು ಒಳ್ಳೆಯದು ಎಂದೇ ಬಹಳ ವರ್ಷ ನಂಬಿಕೊಂಡಿದ್ದೆ.

ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ಹೆಂಡತಿಗೆ ಚೊಂಬು ಬೀಸಿ ಹೊಡೆದೆ. ಕಾರಣ ಹೇಳಲು ನಾಚಿಕೆಯಾಗುತ್ತದೆ: ಸ್ನಾನಕ್ಕೆ ನೀರು ಕಾದಿರಲಿಲ್ಲ. ಎಡಗಡೆಯ ಹುಬ್ಬು ಸೀಳಿತು. ಅಡುಗೆಮನೆಯ ಸುಣ್ಣದ ಗೋಡೆಗೆ ರಕ್ತ ಸಿಡಿಯಿತು. ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಮಗ ಇನ್ನೂ ತೆವಳುವ ಕೂಸು. ಡಾಕ್ಟರು ಏನಾಯಿತು ಎಂದು ಕೇಳಿದಾಗ ಅವಳು ತಡವರಿಸದೆ "ಬಾಗ್ಲು ಬಡೀತು ಸಾರ್" ಅಂದಳು. ಅವರು ನಂಬಿದರು. ಹೊಲಿಗೆ ಹಾಕಿ, ಮಾತ್ರೆ ಬರೆದು ಕಳಿಸಿದರು. ಮಾರನೆಯ ದಿನ ಇಬ್ಬರು ಮಕ್ಕಳನ್ನು ಕರೆದುಕೊಂಡು ಅವಳು ದೇವಲಾಪುರದ ತವರಿಗೆ ಬಸ್ಸು ಹತ್ತಿದಳು.

ಮೂರು ತಿಂಗಳು ಕಳೆದ ಮೇಲೆ ಕರೆಯಲು ಹೋದೆ. ಅವಳ ತಮ್ಮ ರಾಗಿ ಕಣದಲ್ಲೇ ನನ್ನನ್ನು ಕೆಡವಿ ಎದೆಯ ಮೇಲೆ ಕಾಲಿಟ್ಟು ತುಳಿದ. ನಾನು ತಿರುಗಿ ಹೊಡೆಯಲಿಲ್ಲ ಎಂದು ಬರೆಯುವ ಆಸೆ ಏನೋ ಇದೆ. ಹೊಡೆದೆ. ಅವನ ಎರಡು ಹಲ್ಲು ಮುರಿದವು. ನನ್ನ ಪಕ್ಕೆಲುಬು ಒಂದು ಬಿರುಕು ಬಿಟ್ಟಿತು. ಧೂಳಲ್ಲಿ ಕೂತು ಇಬ್ಬರೂ ಏದುಸಿರು ಬಿಡುತ್ತಿದ್ದಾಗ ಅವಳು ಹೊರಗೆ ಬಂದು, ಯಾವುದೋ ಸಾಮಾನು ತರಲು ಹೇಳುವವಳ ಹಾಗೆ ಹೇಳಿದಳು.

"ಬತ್ತೀನಿ. ನಡುಮನೆ ಬಾಗ್ಲಿಗೆ ಒಳಗಡೆಯಿಂದ ಆಕ್ಕಳಂಗೆ ಒಂದು ಚಿಲಕ ಮಾಡ್ಕೊಡಿ. ಮಾಡೋದೂ ನೀವೇ, ಕೂರ್ಸೋದೂ ನೀವೇ."

ಮಾಡಿದೆ. ಗಟ್ಟಿ ಕಂಬಿ ಕಾಯಿಸಿ, ತಟ್ಟಿ, ಉಜ್ಜಿ ಕೂರಿಸಿದೆ. ಒದ್ದರೂ ಜಗ್ಗದ ಚಿಲಕ. ಒದೆಯುವವನು ಯಾರು ಎಂದು ಗೊತ್ತಿದ್ದೇ ಮಾಡಿದ್ದು. ಅಂದಿನಿಂದ ಅವಳೂ ಮಕ್ಕಳೂ ಒಳಗೆ ಮಲಗುತ್ತಾರೆ, ನಾನು ಹಜಾರದಲ್ಲಿ. ನಾಲ್ಕು ವರ್ಷದಲ್ಲಿ ಅವಳ ಮೇಲೆ ಕೈ ಎತ್ತಿಲ್ಲ. ಚಿಲಕ ಮಾತ್ರ ದಿನವೂ ಬೀಳುತ್ತದೆ.

ಟೆಂಟಿನ ಮಾತು ತೆಗೆದವಳು ಮಗಳು. ಏಳನೇ ಕ್ಲಾಸು. ಯಾರದೋ ಸಂಸಾರ ಹೊಳೆಯ ದಡದಲ್ಲಿ ಟೆಂಟು ಹಾಕಿ ಮಲಗಿದ್ದನ್ನು ಫೋನಿನಲ್ಲಿ ನೋಡಿ, ಬೇಸಿಗೆ ರಜಕ್ಕೆ ನಮಗೂ ಒಂದು ಬೇಕು ಎಂದು ಹಟ ಹಿಡಿದಳು. "ನಾಕು ಜನಾನೂ ಒಂದೇ ಕಡೆ ಮಲೀಕೊಳ್ಳೋದು ಕಣಪ್ಪ" ಅಂದಳು. ನನಗೂ ಅದೇ ಬೇಕಿತ್ತು, ಬಾಯಿ ಬಿಟ್ಟು ಕೇಳುವ ಯೋಗ್ಯತೆ ಇರಲಿಲ್ಲ. ಒಂದು ವಾರದ ಮೇಲೆ ಹೆಂಡತಿ ಸೊಪ್ಪು ಬಿಡಿಸುತ್ತಾ ಕೇಳಿದಳು: "ಬಟ್ಟೆ ಮನೆಗೆ ಚಿಲಕ ಎಲ್ಲಾಕ್ತೀರಾ?"

ಸೊಪ್ಪೆಲ್ಲ ಬಿಡಿಸಿ ಮುಗಿಸಿ ಅವಳೇ, "ಒಸಿ ನೋಡ್ಕೊಂಡಾದ್ರೂ ಬರವ" ಅಂದಳು.

ಶ್ರೀರಂಗಪಟ್ಟಣದಲ್ಲಿ ಟಾರ್ಪಾಲು, ಹಗ್ಗ, ನೈಲಾನ್ ಬಲೆ ಮಾರುವ ವಯಸ್ಸಾದ ಸಾಬರೊಬ್ಬರಿದ್ದಾರೆ. ಊರು ನೋಡಲು ಬರುವವರು ಕೇಳುತ್ತಾರೆ ಎಂದು ನಾಲ್ಕಾರು ಟೆಂಟುಗಳನ್ನೂ ತರಿಸಿಟ್ಟಿರುತ್ತಾರೆ. ಎರಡು ಕಿಟಕಿ ಗ್ರಿಲ್ಲಿನ ಮಜೂರಿಯೊಳಗೆ ಮುಗಿಯಬೇಕು ಎಂದು ನಾನು ಮನಸ್ಸಿನಲ್ಲೇ ಗೆರೆ ಎಳೆದುಕೊಂಡು ಹೋಗಿದ್ದೆ. ಅವರು ಮೊದಲು ತೆಗೆದದ್ದು ಆ ಗೆರೆಯೊಳಗಿನ ನೀಲಿ ಟೆಂಟು.

"ನೋಡಿ ಆಚಾರ್ರೆ, ಮೂರು ಜನಕ್ಕೆ ಅಂತ ಬರ್ದವ್ರೆ, ಮಲಗೋದು ಇಬ್ರೇ. ನಾಕು ಜನ ಅಂದ್ರೆ ಮೂರು. ಎಲ್ಲಾ ಕಂಪ್ನಿದೂ ಅಂಗೇ. ಸುಳ್ ಹೇಳಿ ಮಾರೋಕೆ ನಂಗೆ ಆಗಲ್ಲ, ಅಲ್ಲಾ ನೋಡ್ತಾನೆ."

ನಾನು ಹೊಲಿಗೆ ಎಳೆದು ನೋಡಿದೆ, ಕೆಳಗಿನ ಹಾಳೆಯ ಮೇಲೆ ನೀರು ಸುರಿಸಿ ನೋಡಿದೆ. ಹೆಂಡತಿ ಇದ್ಯಾವುದನ್ನೂ ನೋಡಲಿಲ್ಲ. ಜಿಪ್ಪನ್ನು ಒಳಗಿಂದ ಒಮ್ಮೆ, ಹೊರಗಿಂದ ಒಮ್ಮೆ ಎಳೆದಳು. ಎರಡೂ ಕಡೆಯಿಂದ ಸಲೀಸಾಗಿ ತೆರೆಯಿತು.

"ಇದುಕ್ಕೆ ಬೀಗ ಆಕ್ಬೋದಾ?"

"ಬಟ್ಟೆಗೆ ಬೀಗ ಯಾತಕ್ಕಮ್ಮ?" ಎಂದು ಸಾಬರು ನಕ್ಕರು. ನಾವಿಬ್ಬರೂ ನಗಲಿಲ್ಲ.

ಆಮೇಲೆ ಅವಳು ಅಂಗಡಿಯ ಮುಂದೆಯೇ, ಹಗಲು ಹೊತ್ತಿನಲ್ಲಿ, ಓಡಾಡುವ ಜನರ ಕಣ್ಣೆದುರಿಗೆ ನಮ್ಮನ್ನೆಲ್ಲ ಆ ಟೆಂಟಿನೊಳಗೆ ಮಲಗಿಸಿದಳು. ಒಂದು ಕೊನೆಗೆ ಅವಳು, ನಡುವೆ ಮಕ್ಕಳು, ಇನ್ನೊಂದು ಕೊನೆಗೆ ನಾನು. "ಕೈ ಚಾಚಿ" ಅಂದಳು. ಚಾಚಿದೆ. ಮಕ್ಕಳನ್ನು ದಾಟಿ ನನ್ನ ಬೆರಳು ಅವಳ ಭುಜಕ್ಕೆ ತಾಗಿತು. ಅವಳು ಎದ್ದು ಹೊರಗೆ ಹೋಗಿ, "ಇದು ಬ್ಯಾಡ. ದೊಡ್ದು ತೋರ್ಸಿ" ಅಂದಳು. ಎರಡನೆಯದು ಹಸಿರು ಬಣ್ಣದ್ದು, ಅಗಲವಾದದ್ದು, ನನ್ನ ಗೆರೆಯನ್ನು ಚೆನ್ನಾಗಿಯೇ ದಾಟಿದ್ದು. ಅದರಲ್ಲೂ ಮಲಗಿದೆವು. ಕೈ ಚಾಚಿದೆ. ನನ್ನ ಬೆರಳ ತುದಿಗೂ ಅವಳಿಗೂ ನಡುವೆ ಒಂದು ಗೇಣು ಉಳಿಯಿತು.

"ಇನ್ನೂ ಚಾಚಿ."

"ಇಷ್ಟೇ ಬರೋದು."

"ಸರಿ" ಅಂದಳು. ಸಾಬರು ಪಾಪ, ಎಷ್ಟು ಚಾಪೆ ಹಿಡಿಯುತ್ತದೆ ಎಂದು ಅಳೆಯುತ್ತಿದ್ದೇವೆ ಅಂದುಕೊಂಡಿದ್ದರು.

ಅಷ್ಟರಲ್ಲಿ ಹಗ್ಗ ಕೊಳ್ಳಲು ಬಂದಿದ್ದ ಒಬ್ಬ, ನನಗಿಂತ ಚಿಕ್ಕವನು, ನಾನು ಟೆಂಟಿನಿಂದ ತೆವಳಿ ಬರುವುದನ್ನು ನೋಡಿ ಹಲ್ಲು ಕಿರಿದ. "ಏನಾಚಾರ್ರೇ, ಎಂಡ್ತಿ ಮನೆಯಿಂದ ಆಚೆಗಾಕ್ಬುಟ್ಟವ್ಳಾ?"

ಅವನಿಗೇನು ಗೊತ್ತು, ಸುಮ್ಮನೆ ತಮಾಷೆಗೆ ಅಂದದ್ದು. ಆದರೆ ಅವನ ಕಾಲರು ನನ್ನ ಮುಷ್ಟಿಯಲ್ಲಿತ್ತು, ಅವನ ಬೆನ್ನು ಅಂಗಡಿ ಮುಂದಿನ ಪೈಪಿನ ರಾಶಿಗೆ ದಡಾರನೆ ಬಡಿದಿತ್ತು. ಪೈಪುಗಳು ಉರುಳಿ ರಸ್ತೆಗೆ ಹೋದವು. "ಇನ್ನೊಂದಪ ಅನ್ಲಾ! ಅನ್ಲಾ ನೋಡವ!" ಎಂದು ಅರಚುತ್ತಿದ್ದೆ. ಬಲಗೈ ಮೇಲೆದ್ದಿತ್ತು. ಅವನ ಮೂಗು ಎಲ್ಲಿ ಒಡೆಯುತ್ತದೆ ಎಂಬುದು ಕೂಡ ನನ್ನ ಕಣ್ಣಿಗೆ ಕಾಣುತ್ತಿತ್ತು, ಕಂಬಿಯನ್ನು ಎಲ್ಲಿ ಬಡಿದರೆ ಬಗ್ಗುತ್ತದೆ ಎಂದು ಕಾಣುವ ಹಾಗೆ. ಆ ಕೈಯನ್ನು ಇಳಿಸಿದೆ. ಯಾರೂ ಹಿಡಿದಿರಲಿಲ್ಲ, ನಾನೇ ಇಳಿಸಿದೆ. ಕಾಲರು ಬಿಟ್ಟು, ಉರುಳಿದ ಪೈಪುಗಳನ್ನು ಎತ್ತಿಡಲು ಹೋದೆ.

ಹೆಂಡತಿ ಮಗನ ಕೈ ಹಿಡಿದು ನಿಂತು ಎಲ್ಲವನ್ನೂ ನೋಡಿದಳು. ಸಾಬರ ಕಡೆ ತಿರುಗಿ, "ಕಟ್ಕೊಡಿ, ಹಸ್ರುದು" ಅಂದಳು. ಆ ಮಾತಿಗಾಗಿ ನಾನು ಇನ್ನೂ ಹತ್ತು ಗ್ರಿಲ್ಲಿನ ಮಜೂರಿ ಕೊಡುತ್ತಿದ್ದೆ.

ಟೆಂಟಿನ ಜೊತೆ ಒಂದು ಕಟ್ಟು ಗೂಟ ಬಂದಿತ್ತು. ಬೆರಳಲ್ಲಿ ಒತ್ತಿದರೆ ಬಗ್ಗುವ ಅಲ್ಯೂಮಿನಿಯಂ ಕಡ್ಡಿಗಳು, ಜೊತೆಗೆ ತೆಳ್ಳನೆಯ ದಾರ. ಕಬ್ಬಿಣದ ಕೆಲಸದವನ ಕೈಗೆ ಇಂಥದ್ದು ಕೊಟ್ಟರೆ ಮೈ ಉರಿಯುವುದಿಲ್ಲವೇ? "ಗಾಳಿಗೆ ಟೆಂಟು ಒಸಿ ಅಲ್ಲಾಡ್ಬೇಕು ಆಚಾರ್ರೆ, ಬಿಗೀಬಾರ್ದು" ಎಂದು ಸಾಬರು ಹೇಳಿಯೇ ಕಳಿಸಿದ್ದರು. ನನಗೆ ಹೇಳಲು ಬಂದರಲ್ಲ ಎಂದು ಒಳಗೇ ನಕ್ಕಿದ್ದೆ. ಶೆಡ್ಡಿನಲ್ಲಿ ಕಂಬಿ ತುಂಡು ಮಾಡಿ, ಕಾಯಿಸಿ, ತಲೆಗೆ ಕೊಕ್ಕೆ ಬಗ್ಗಿಸಿ, ತುದಿ ಚೂಪು ತಟ್ಟಿ, ನೀರಿಗೆ ಅದ್ದಿದೆ. ಎಂಟು ಗೂಟ, ಒಂದೊಂದೂ ಮೊಣಕೈ ಉದ್ದ. ದಾರ ಬಿಸಾಕಿ ಲಾರಿ ಟ್ಯೂಬನ್ನು ಸೀಳಿ ಪಟ್ಟಿ ಮಾಡಿದೆ. ನಮ್ಮ ಲಗೇಜ್ ಆಟೋದಲ್ಲಿ ಗೇಟು, ಕಂಬಿ, ನೀರಿನ ಡ್ರಮ್ಮು ಏನೇ ಸಾಗಿಸಿದರೂ ಟ್ಯೂಬಿನಲ್ಲೇ ಬಿಗಿಯುವುದು. ಎಳೆದಷ್ಟೂ ಬರುತ್ತದೆ, ಕಿತ್ತುಹೋಗುವುದಿಲ್ಲ. ಹೆಂಡತಿ ಮಕ್ಕಳನ್ನು ಗಾಳಿಗೆ ಬಿಡುವುದಿಲ್ಲ ಎಂಬ ಹುರುಪಿನಲ್ಲಿ ಅಷ್ಟನ್ನೂ ಮಾಡಿದೆ.

ಹೇಮಗಿರಿ ಹತ್ತಿರ ನನ್ನ ಅಕ್ಕನ ಮನೆ. ಅವರ ಹೊಲದ ಕೆಳಗೆ ಹೇಮಾವತಿಯ ದಡ, ಮರಳು ಬೆರೆತ ನೆಲ. ಮಧ್ಯಾಹ್ನ ಮೂರಕ್ಕೆ ಟೆಂಟು ನಿಲ್ಲಿಸಿದೆವು. ಟ್ಯೂಬನ್ನು ತಂತಿಯ ಹಾಗೆ ಬಿಗಿದೆ. ಮಗಳು ಚಾಪೆ ಹಾಸಿ, ಅಂಗಡಿಯಲ್ಲಿ ಮಲಗಿದ್ದ ಸಾಲಿನಲ್ಲೇ ನಾಲ್ಕು ದಿಂಬು ಇಟ್ಟಳು. ಹೆಂಡತಿ ಆ ನಾಲ್ಕು ದಿಂಬನ್ನು ನೋಡಿ ಸಣ್ಣಗೆ ನಕ್ಕಳು. ನಾಲ್ಕು ವರ್ಷದಲ್ಲಿ ನಾನು ಕಂಡ ಅಂಥ ನಗು ಅದೊಂದೇ.

ನಾಲ್ಕೂವರೆಗೆ ಗಾಳಿ ಎದ್ದಿತು. ಮುಂಗಾರಿಗೆ ಮುಂಚಿನ ಗಾಳಿ, ಹೇಳಿ ಕೇಳಿ ಬರುವುದಿಲ್ಲ. ಮರಳು ಮುಖಕ್ಕೆ ಅಪ್ಪಳಿಸಿತು. ಅಕ್ಕನ ಹೊಲದ ಬಾಳೆ ಒಂದೊಂದೇ ಸೊಂಟ ಮುರಿದುಕೊಂಡು ಬಿತ್ತು. ಟೆಂಟು ಹೊಟ್ಟೆ ಉಬ್ಬಿಸಿ ಬಡಬಡ ಬಡಿದುಕೊಳ್ಳತೊಡಗಿತು. ಒಳಗಿದ್ದ ಮಗ ಕಿರುಚಿಕೊಂಡ. "ಸುಮ್ಕೆ ಕೂತ್ಕಳ್ಲಾ ಲೇ!" ಎಂದು ನಾನು ಗಾಳಿಗಿಂತ ಜೋರಾಗಿ ಅರಚಿದೆ. ಸುತ್ತಿಗೆ ಹಿಡಿದು ಮುಂದಿನ ಗೂಟದ ಹತ್ತಿರ ನಿಂತಿದ್ದೆ. ಗೂಟದ ತಲೆಗೆ ಬಾರಿಸುತ್ತಾ ಗಾಳಿಯ ತಾಯಿ ತಂಗಿಯರನ್ನೆಲ್ಲ ಬೈಯುತ್ತಿದ್ದೆ. ಮಕ್ಕಳ ಕಣ್ಣಿಗೆ ಮರಳು ನುಗ್ಗದಿರಲಿ ಎಂದು ಜಿಪ್ಪು ಎಳೆಯಲು ಹೆಂಡತಿ ಓಡಿ ಬಂದು, ನನಗೆ ಬೆನ್ನು ಕೊಟ್ಟು ಬಾಗಿಲಲ್ಲಿ ಬಗ್ಗಿದಳು.

ಟೆಂಟು ಒಮ್ಮೆ ಹಿಂದಕ್ಕೆ ಜಗ್ಗಿತು. ಟ್ಯೂಬು ಎಳೆದುಕೊಂಡಿತು, ಮತ್ತೂ ಎಳೆದುಕೊಂಡಿತು. ಆಮೇಲೆ ಮರಳು ಗೂಟವನ್ನು ಬಿಟ್ಟುಕೊಟ್ಟಿತು. ಕವಣೆಕಲ್ಲಿನ ಹಾಗೆ ಅದು ನನ್ನ ಕಾಲ ಬುಡದಿಂದ ಹಾರಿತು. ನಾನು ಕಂಡದ್ದು ಒಂದು ಕಪ್ಪು ಗೆರೆ ಮಾತ್ರ. ಹಸಿ ತೆಂಗಿನಕಾಯಿ ನೆಲಕ್ಕೆ ಬಿದ್ದ ಸದ್ದು. ಅವಳ ಕಿವಿಯ ಹಿಂದೆ, ಕೂದಲೊಳಗಿಂದ ರಕ್ತ ಕುತ್ತಿಗೆಗೆ ಇಳಿಯಿತು.

ಅವಳು ಕೂಗಲಿಲ್ಲ. ತಿರುಗಿಯೂ ನೋಡಲಿಲ್ಲ. ಮೊಣಕಾಲು ಮಡಿಸಿ ಕುಸಿದವಳು, ಮಕ್ಕಳ ಮುಖ ಕಾಣದ ಹಾಗೆ ಜಿಪ್ಪನ್ನು ಪೂರ್ತಿ ಎಳೆದು ಮುಚ್ಚಿದಳು. ಮುಚ್ಚಿ, ಮೆಲ್ಲಗೆ ಹೇಳಿದಳು.

"ಮಕ್ಳ ಮುಂದೆ ಬ್ಯಾಡ ಕಣ್ರೀ."

ನನ್ನ ಕೈ ನೋಡಿಕೊಂಡೆ. ಸುತ್ತಿಗೆ ಇತ್ತು. "ನಾನಲ್ಲ ಕಣೇ, ನಾನಲ್ಲ, ಗೂಟ, ಗೂಟ" ಎಂದು ಬಡಬಡಿಸಿದೆ. ಅಪ್ಪ ಇಕ್ಕಳ ಎತ್ತಿದಾಗ ನನ್ನ ಬಾಯಿಂದ ಬರುತ್ತಿದ್ದ ದನಿಯೇ ಅದು. ಸುತ್ತಿಗೆಯನ್ನು ಹೊಳೆಗೆ ಎಸೆದೆ. ಗೂಟ ಅವಳ ಸೀರೆಯ ನೆರಿಗೆಯ ಮೇಲೆ ಬಿದ್ದಿತ್ತು, ಟ್ಯೂಬು ಇನ್ನೂ ಅದಕ್ಕೆ ಕಟ್ಟಿಕೊಂಡೇ ಇತ್ತು.

ಆಟೋದಲ್ಲಿ ಕೆ.ಆರ್. ಪೇಟೆಗೆ ಹಾರಿದೆವು. ಮಗಳು ಅಮ್ಮನ ತಲೆಗೆ ಟವಲು ಒತ್ತಿ ಹಿಡಿದಿದ್ದಳು, ದಾರಿಯುದ್ದಕ್ಕೂ ನನ್ನ ಮುಖ ನೋಡಲಿಲ್ಲ. ಕ್ಲಿನಿಕ್ಕಿನಲ್ಲಿ ನರ್ಸಮ್ಮ ಗಾಯ ತೊಳೆಯುತ್ತಾ, "ಏನಾಯ್ತಮ್ಮ?" ಎಂದು ಕೇಳಿದರು.

"ಟೆಂಟಿನ ಗೂಟ ಬಡೀತು."

ಅವರು ಅವಳ ಹುಬ್ಬಿನ ಹಳೆಯ ಗುರುತು ನೋಡಿದರು. ಆಮೇಲೆ ನನ್ನನ್ನು ನೋಡಿ, ಆಚೆ ಕೂತಿರಲು ಹೇಳಿದರು. ಅವರು ಮಗಳನ್ನು ಕೇಳುತ್ತಿದ್ದುದು ಪರದೆಯ ಈಚೆಗೆ ಕೇಳಿಸಿತು.

"ನೀನ್ ಹೇಳವ್ವ, ಎದ್ರುಕೋಬ್ಯಾಡ. ಯಾರು ಒಡ್ದಿದ್ದು?"

ಮಗಳು ಅಂದಳು: "ನಾನು ಒಳಗಿದ್ದೆ. ಜಿಪ್ಪು ಆಕಿತ್ತು. ಗೊತ್ತಿಲ್ಲ."

ನುಗ್ಗಿ ಹೋಗಿ ಗೂಟವನ್ನು ತೋರಿಸಬೇಕು, ಮೇಜು ಗುದ್ದಿ ನಿಜ ಹೇಳಬೇಕು ಎಂದು ಮೈಯೆಲ್ಲ ಎದ್ದಿತು. ಗುದ್ದಿದ್ದರೆ ಅವರ ಅನುಮಾನಕ್ಕೆ ನಾನೇ ರುಜು ಹಾಕಿದ ಹಾಗೆ. ಬೆಂಚು ಹಿಡಿದು ಕೂತೆ. ಚೊಂಬನ್ನು ಬಾಗಿಲು ಅಂದಾಗ ನಂಬಿದ ಜನ ಗೂಟವನ್ನು ಗೂಟ ಅಂದರೆ ನಂಬಲಿಲ್ಲ. ಅವರ ತಪ್ಪಲ್ಲ.

ಏಳು ಹೊಲಿಗೆ. ಪಾಂಡವಪುರಕ್ಕೆ ವಾಪಸು ಬರುವಾಗ ಆಟೋದಲ್ಲಿ ಅವಳು ನನ್ನ ಪಕ್ಕ ಕೂತಿದ್ದಳು. "ಗೂಟ ಅಂತ ಗೊತ್ತಲ್ವಾ ನಿಂಗೆ?" ಎಂದೆ. ಅದನ್ನೇ ಮೂರು ಸಲ ಕೇಳಿದೆ.

"ಗೊತ್ತು. ನೋಡುದ್ನಲ್ಲ." ಸ್ವಲ್ಪ ದೂರ ಹೋದ ಮೇಲೆ, ನನ್ನ ಕಡೆ ನೋಡದೆ ಅಂದಳು: "ಗೂಟ ಅಂತ ಗೊತ್ತಾಗಕ್ ಮುಂಚೆ ನಂಗೇನ್ ಅನ್ನುಸ್ತು ಅಂತ ನಿಮ್ಗೂ ಗೊತ್ತಲ್ಲ."

ನಾಲ್ಕು ವರ್ಷ ಎಣಿಸಿಕೊಂಡು ಬಂದಿದ್ದೆನಲ್ಲ, ಅದು ನನ್ನ ಲೆಕ್ಕ. ಅವಳ ಬೆನ್ನಿಗೆ ಅದು ಗೊತ್ತೇ ಇರಲಿಲ್ಲ.

ಹಸಿರು ಟೆಂಟು ಅಟ್ಟದ ಮೇಲಿದೆ. ಒಂದೆರಡು ಸಲ ಮಗಳು ಕೆಳಗಿಳಿಸಿ ಬಿಸಿಲಿಗೆ ಹರಡಿ, ಮತ್ತೆ ಮಡಿಸಿಟ್ಟಿದ್ದಾಳೆ. ಎಲ್ಲಿ ಹಾಕೋಣ ಎಂದು ನಾನು ಕೇಳುವುದಿಲ್ಲ, ಅವಳೂ ಹೇಳುವುದಿಲ್ಲ. ಎಂಟು ಗೂಟಗಳನ್ನೂ ಕಾಯಿಸಿ ಚಪ್ಪಟೆ ಮಾಡಿ ಯಾರದೋ ಗೇಟಿಗೆ ಸೇರಿಸಿಬಿಟ್ಟೆ. ನಡುಮನೆಯ ಚಿಲಕ ಮಾತ್ರ ಇದ್ದ ಹಾಗೇ ಇದೆ. ವರ್ಷವರ್ಷ ಆಯುಧ ಪೂಜೆಗೆ ಶೆಡ್ಡಿನ ಸಾಮಾನೆಲ್ಲ ತೊಳೆದು ಕುಂಕುಮ ಇಟ್ಟ ಮೇಲೆ ಮನೆಗೆ ಬಂದು ಅದಕ್ಕೆ ಎಣ್ಣೆ ಬಿಡುತ್ತೇನೆ. ಬಿಗಿಯಾಗಿಬಿಟ್ಟರೆ ಹಾಕುವಾಗ ಅವಳ ಬೆರಳು ನೋಯುತ್ತದೆ.