ಯಾವ ಅವ್ವ

ಆಗ ನಾನು ಹಿಂದೂಪುರದಲ್ಲಿ ಒಂದು ಕನ್ನಡ ಪತ್ರಿಕೆಯ ಶಾಖಾ ಕಚೇರಿ ನೋಡಿಕೊಳ್ಳುತ್ತಿದ್ದೆ. ಹುಣಸೆ ಮಂಡಿಯ ಮೇಲೆ ಒಂದೇ ಕೋಣೆ, ಒಂದು ಫೋನು, ಒಂದು ಫ್ಯಾಕ್ಸು. ತರಬೇತಿಗೆಂದು ಸೇರಿದ್ದವಳು ಪರಿಗಿ ಕಡೆಯ ನೇಕಾರರ ಮನೆಯ ಹುಡುಗಿ, ಇಪ್ಪತ್ತೆರಡು ವರ್ಷ. ಸುದ್ದಿಯ ತಲೆಯಲ್ಲಿ ಊರಿನ ಹೆಸರು ಹಾಕಿದರೆ ನಾವು ಆ ಊರಿಗೆ ಹೋಗಿದ್ದೇವೆ ಎಂದರ್ಥ. ಅವಳಿಗೆ ನಾನು ಹೇಳಿಕೊಟ್ಟ ಮೊದಲ ಪಾಠ ಅದು.

ಒಂದು ಮಳೆಗಾಲ ಕಲ್ಯಾಣದುರ್ಗದಲ್ಲಿ ಮನೆಯ ಗೋಡೆ ಕುಸಿದು ಹೆಂಗಸೊಬ್ಬರು ತೀರಿಕೊಂಡರು. ಹೋಗಿ ಬಾ ಎಂದೆ. ಸಂಜೆ ವರದಿ ಕೊಟ್ಟಳು, ಮೇಲೆ ‘ಕಲ್ಯಾಣದುರ್ಗ’ ಎಂದಿತ್ತು. ನಾನು ಎರಡು ವಿಶೇಷಣ ಹೊಡೆದುಹಾಕಿ ಬೆಂಗಳೂರಿಗೆ ಕಳಿಸಿದೆ.

ಅವಳು ಹೋಗಿರಲಿಲ್ಲ. ಬಸ್ಸು ತಪ್ಪಿತ್ತು. ಆ ಮನೆಯ ಪಕ್ಕದ ಅಂಗಡಿಗೆ ಫೋನು ಮಾಡಿ, ಮನೆಯ ಮಗನನ್ನು ಕರೆಸಿ ಮಾತಾಡಿದ್ದಳು. ಅವನು ನಮ್ಮ ಕಡೆಯ ಎಲ್ಲರ ಹಾಗೆ ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ, “ಅವ್ವ ಹೋಗ್ಬುಟ್ರು” ಎಂದಿದ್ದ. ಅವಳು ತಾಯಿಯ ಹೆಸರು ಕೇಳಿದಳು, ಅವನು ಹೇಳಿದ. ಅವಳ ಮನೆಯ ಕನ್ನಡದಲ್ಲಿ ಅವ್ವ ಎಂದರೆ ತಾಯಿ. ಅವನ ತೆಲುಗಿನಲ್ಲಿ ಅಜ್ಜಿ. ಎರಡೂ ಅರ್ಥ ಅವಳಿಗೆ ಗೊತ್ತಿದ್ದವು. ಯಾವ ಅವ್ವ ಎಂದು ಮಾತ್ರ ಕೇಳಲಿಲ್ಲ. ಸತ್ತದ್ದು ಅವನ ಅಜ್ಜಿ, ಪತ್ರಿಕೆಯಲ್ಲಿ ಬಂದದ್ದು ತಾಯಿಯ ಹೆಸರು.

ಆ ತಾಯಿಯ ತವರು ಚಿಲಮತ್ತೂರು. ಅಲ್ಲಿ ಅವರ ಅಣ್ಣ ಬೆಳಿಗ್ಗೆ ಟೀ ಅಂಗಡಿಯಲ್ಲಿ ಪತ್ರಿಕೆ ನೋಡಿದರು. ತೀರಿಕೊಂಡ ಮಗಳಿಗೆ ತವರಿನವರು ಹೊದಿಸುವ ಸೀರೆ, ಅರಿಶಿನ, ಕುಂಕುಮ ಹಿಡಿದು ಬಸ್ಸು ಹತ್ತಿದರು. ಕಲ್ಯಾಣದುರ್ಗದಲ್ಲಿ ಅವರಿಗೆ ಎದುರಾದದ್ದು ತಂಗಿಯೇ.

ಮರುದಿನ ಆ ಅಣ್ಣ ಪತ್ರಿಕೆ ಸಮೇತ ನಮ್ಮ ಕಚೇರಿಗೆ ಬಂದರು. “ನಾನೇ ಹೋಗಿದ್ದೆ ಸಾರ್” ಎಂದಳು ಹುಡುಗಿ. ಕುಸಿದದ್ದು ಯಾವ ಕಡೆಯ ಗೋಡೆ ಎಂದು ಕೇಳಿದೆ. ಆಗ, “ಫೋನಲ್ಲಿ ಕೇಳಿದ್ದು” ಎಂದಳು.

ತಪ್ಪಿಗಿಂತ ಆ ಸುಳ್ಳು ದೊಡ್ಡದು ಎಂದು ಬೆಂಗಳೂರಿನ ಮುಖ್ಯ ಕಚೇರಿ ಹೇಳಿತು. ನನಗೂ ಹಾಗೇ ಅನಿಸಿತ್ತು. ಅವಳನ್ನು ಕೆಲಸದಿಂದ ತೆಗೆಯಬಹುದೆಂದು ನಾನು ಬರೆದುಕೊಡಬೇಕಿತ್ತು, ಬರೆದೆ. ಫ್ಯಾಕ್ಸ್ ಮಾಡುವ ಮೊದಲು, ಪತ್ರಿಕೆಗೆಂದು ಬರೆದಿಟ್ಟಿದ್ದ ತಿದ್ದುಪಡಿಯನ್ನು ಆ ಮನೆಯವರಿಂದ ಖಚಿತಪಡಿಸಿಕೊಳ್ಳಬೇಕಿತ್ತು. ಪತ್ರ ಜೇಬಿನಲ್ಲಿಟ್ಟುಕೊಂಡು ಅವಳನ್ನು ಕಲ್ಯಾಣದುರ್ಗಕ್ಕೆ ಕರೆದುಕೊಂಡು ಹೋದೆ.

ಆ ತಾಯಿ ನಮ್ಮನ್ನು ಜಗುಲಿಯ ಮೇಲೆ ಕೂರಿಸಿದರು. ಅಣ್ಣನೂ ಅಲ್ಲೇ ಇದ್ದರು.

“ನನ್ನ ಸಾಯಿಸಿದೋಳು ನೀನೇನಾ? ಬಾಮ್ಮ. ಸತ್ತೋಳ ಕೈಯಿಂದ ಕಾಫಿ ಕುಡಿದೀಯಾ?”

ಹುಡುಗಿ ತಲೆ ತಗ್ಗಿಸಿದಳು.

“ನಗಾಟ ಬ್ಯಾಡ ಕಣಮ್ಮ” ಎಂದರು ಅಣ್ಣ. “ಇವಳನ್ನ ತೆಗೆದಾಕಿ ಸಾರ್. ಬಸ್ಸಲ್ಲಿ ಸೀರೆ ಮಡಿಲಲ್ಲಿ ಇಟ್ಕಂಡು ಬಂದಿವ್ನಿ ನಾನು.”

“ಆ ಸೀರೆ ಒಳಗೇ ಐತೆ. ಉಡಂಗೂ ಇಲ್ಲ, ವಾಪಸ್ ಕೊಡಂಗೂ ಇಲ್ಲ” ಎಂದರು ತಂಗಿ. ನಂತರ ಹುಡುಗಿಯ ಕಡೆ ತಿರುಗಿದರು. “ನಾನು ಬದುಕಿವ್ನಿ, ನಂದು ಇರ್ಲಿ. ನಮ್ಮತ್ತೆ ಸತ್ತಿದ್ದು ನಿಮ್ಮ ಪೇಪರಲ್ಲಿ ಬರ್ಲೇ ಇಲ್ವಲ್ಲ, ಅದಕ್ಕೇನು ಮಾಡ್ತೀಯ?”

ನಾನು ಅದನ್ನು ಯೋಚಿಸಿರಲಿಲ್ಲ. ನನ್ನ ತಿದ್ದುಪಡಿಯಲ್ಲಿ ಬದುಕಿದವರ ಹೆಸರಿತ್ತು, ಸತ್ತವರದ್ದು ಇರಲಿಲ್ಲ.

ಹುಡುಗಿ ನೋಟ್‌ಬುಕ್ ತೆಗೆದಳು. ಅತ್ತೆಯ ಹೆಸರು ಕೇಳಿ ಬರೆದು, ಓದಿ ಹೇಳಿದಳು. “ಅಲ್ಲ, ಕೊನೇದು ದೀರ್ಘ” ಎಂದರು ಆಕೆ. ತಿದ್ದಿಕೊಂಡಳು. ಗೋಡೆ ನೋಡಬಹುದೇ ಎಂದಳು. ಹಿತ್ತಲಿನ ಗೋಡೆ, ಅಜ್ಜಿ ಅದರ ಕೆಳಗೆ ಸೌದೆ ತೆಗೆಯುತ್ತಿದ್ದರಂತೆ. ಅದನ್ನೂ ಬರೆದುಕೊಂಡಳು.

“ಇವಳನ್ನ ಕಳಿಸಿಬುಟ್ರೆ ಇನ್ನೊಬ್ಬಳು ಬತ್ತಾಳೆ, ಯಾರನ್ನ ಸಾಯಿಸ್ತಾಳೋ” ಎಂದು ಆಕೆ ಅಣ್ಣನಿಗೆ ಹೇಳಿದರು. ಅಣ್ಣ ಕ್ಷಮಿಸಿದರೆಂದು ನಾನು ಬರೆಯಲಾರೆ.

ಬಸ್ ನಿಲ್ದಾಣದ ಬೂತಿನಿಂದ ಬೆಂಗಳೂರಿಗೆ ಫೋನು ಮಾಡಿದೆ. ಪತ್ರ ಕಳಿಸುವುದಿಲ್ಲ, ಆ ವರದಿಯನ್ನು ಒಂದು ಪ್ರಶ್ನೆಯನ್ನೂ ಕೇಳದೆ ದಾಟಿಸಿದವನು ನಾನು ಎಂದೆ. ಇನ್ನೊಮ್ಮೆ ಹೀಗಾದರೆ ಇಬ್ಬರೂ ಹೊರಗೆ ಎಂದರು. ಒಪ್ಪಿಕೊಂಡೆ.

ಹೊರಗೆ ಬಂದಾಗ ಹುಡುಗಿ ಇರಲಿಲ್ಲ. ಬಸ್ಸು ಹೊರಡುವ ಹೊತ್ತಿಗೆ ಓಡುತ್ತ ಬಂದಳು. ಗೋಡೆ ಬಿದ್ದಾಗ ಅಜ್ಜಿಯನ್ನು ಎತ್ತಿದ ಪಕ್ಕದ ಅಂಗಡಿಯವರನ್ನು ಕಂಡು ಬಂದಿದ್ದಳಂತೆ.

“ಸೌದೆ ಅಲ್ಲ ಸಾರ್, ಒಣಗೋಕೆ ಹಾಕಿದ್ದ ಬಟ್ಟೆ ತೆಗೀತಿದ್ರಂತೆ” ಎಂದಳು. “ಮನೆಯವರಿಗೆ ಸರಿಯಾಗಿ ಗೊತ್ತಿಲ್ಲ. ಮತ್ತೆ ಅವರ ಮನೆಗೆ ಹೋಗಿ ಕೇಳಬೇಕು. ನೀವು ಹೊರಡಿ, ನಾನು ಮುಂದಿನ ಬಸ್ಸಿಗೆ ಬತ್ತೀನಿ.”